ಹಾಡು ಹಾಡಿನ ನಡುವೆ ಗ್ಯಾಪ್ ಇಲ್ಲದ ಆಡಿಯೋ ಸಿಡಿ: ಮನೆಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಒಂದು ಲೈವ್ ರೆಕಾರ್ಡಿಂಗನ್ನು ಸಿಡಿಗೆ ಹಾಕಿದಾಗ ಆದದ್ದು ಇಷ್ಟು. ಹಾಡು ಮುಗಿಯುತ್ತದೆ, ಚಪ್ಪಾಳೆ ಜೋರಾಗಿ ಏಳುತ್ತದೆ, ತಕ್ಷಣ ಕರೆಂಟ್ ಹೋದ ಹಾಗೆ ಎರಡು ಸೆಕೆಂಡ್ ಮೌನ, ಆಮೇಲೆ ಅದೇ ಚಪ್ಪಾಳೆ ನಡುವಿನಿಂದ ಮತ್ತೆ ಶುರು. ಸಾಫ್ಟ್‌ವೇರ್‌ನಲ್ಲಿ ಏನೋ ಒಂದು ಟಿಕ್ ಹಾಕಿ ಎರಡನೇ ಸಿಡಿ ಬರ್ನ್ ಮಾಡಿದೆ. ಎರಡು ಸೆಕೆಂಡ್ ಹೋಯಿತು, ಆದರೆ ಟ್ರ್ಯಾಕ್ ಬದಲಾದಾಗಲೆಲ್ಲ ‘ಟಕ್’ ಅನ್ನೋ ಸದ್ದು. ಮೂರನೆಯದರಲ್ಲಿ ಟಕ್ ಹೋಗಿ ಸಣ್ಣ ತೊದಲು ಬಂತು. ಹೀಗೆ ಆರು ಸಿಡಿ ಕಸದ ಬುಟ್ಟಿ ಸೇರಿದ ಮೇಲೆ ಗೊತ್ತಾಯಿತು, ಇದು ಒಂದು ತಪ್ಪಲ್ಲ, ಒಂದರ ಬೆನ್ನಿಗೆ ಒಂದು ಅಡಗಿ ಕೂತ ಮೂರ್ನಾಲ್ಕು ತಪ್ಪು. ಒಂದನ್ನು ಸರಿ ಮಾಡಿದರೆ ಮಾತ್ರ ಹಿಂದಿನದು ಕೇಳಿಸುತ್ತದೆ.

ನಿಮ್ಮ ಆರು ಸಿಡಿ ಉಳಿಯಲಿ ಅಂತ ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ.

ಸಿಡಿಯಲ್ಲಿ ಗೋಡೆಗಳಿಲ್ಲ

ಕಂಪ್ಯೂಟರ್‌ನಲ್ಲಿ ಹತ್ತು ಹಾಡು ಅಂದರೆ ಹತ್ತು ಫೈಲ್. ಹಾಗಾಗಿ ಸಿಡಿಯಲ್ಲೂ ಹತ್ತು ಡಬ್ಬಿಗಳಿವೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಮಾಡಿದ ‘ರೆಡ್ ಬುಕ್’ ನಿಯಮದ ಪ್ರಕಾರ ಆಡಿಯೋ ಸಿಡಿ ಅಂದರೆ ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಉದ್ದನೆಯ ಧ್ವನಿ. ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಮೊದಲ ಟ್ರ್ಯಾಕ್ ಇಲ್ಲಿಂದ, ಎರಡನೆಯದು ಅಲ್ಲಿಂದ ಅಂತ ಅದರಲ್ಲಿ ವಿಳಾಸಗಳಿರುತ್ತವೆ. ಟ್ರ್ಯಾಕ್ ಅನ್ನುವುದು ದಪ್ಪ ಪುಸ್ತಕದ ನಡುವೆ ಇಟ್ಟ ಗುರುತಿನ ಚೀಟಿ ಇದ್ದ ಹಾಗೆ. ಚೀಟಿ ಇಟ್ಟ ಮಾತ್ರಕ್ಕೆ ಓದು ನಿಲ್ಲುವುದಿಲ್ಲ, ಅಲ್ವಾ?

ಅಂದರೆ ಗ್ಯಾಪ್ ಅನ್ನುವುದು ಸಿಡಿಯಲ್ಲಿ ಮೊದಲೇ ಇದ್ದು ನಾವು ತೆಗೆಯಬೇಕಾದ ವಸ್ತುವಲ್ಲ. ದಾರಿಯಲ್ಲಿ ಎಲ್ಲೋ ನಾವೇ ಅದನ್ನು ಸೇರಿಸಿರುತ್ತೇವೆ. ಹೀಗೆ ಯೋಚಿಸಲು ಶುರು ಮಾಡಿದರೆ ಅರ್ಧ ಕೆಲಸ ಆದಂತೆ. ಇಡೀ ಆಲ್ಬಮ್ಮನ್ನು ಒಂದೇ ಉದ್ದದ ಹಾಡು ಅಂತ ಇಟ್ಟುಕೊಳ್ಳಿ, ಸದ್ದಿಗೆ ಮಾಡುವ ಕೆಲಸವನ್ನೆಲ್ಲ ಅದು ಒಂದಾಗಿ ಇರುವಾಗಲೇ ಮುಗಿಸಿ, ಕೊನೆಯಲ್ಲಿ ಚೀಟಿ ಇಡಿ.

ಒಂದೇ ಒಂದು ವಿನಾಯಿತಿ ಇದೆ. ಮೊದಲ ಟ್ರ್ಯಾಕಿನ ಮುಂದೆ ಎರಡು ಸೆಕೆಂಡ್ ಜಾಗ ಇರಲೇಬೇಕು ಅಂತ ನಿಯಮ. ಅದನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ಅದನ್ನೂ ತೆಗೆಯಲು ಹೋಗಿ ಸುಮ್ನೆ ಒದ್ದಾಡುತ್ತಾರೆ.

ಹಂತ 1: ಕೈಯಲ್ಲಿರುವ ಫೈಲ್ ಯಾವ ಜಾತಿಯದು?

ಎಂಪಿ3 ಫೈಲುಗಳಿಂದ ಸಿಡಿ ಮಾಡುವುದಾದರೆ ಇಲ್ಲಿ ಸ್ವಲ್ಪ ನಿಲ್ಲಿ. ನನ್ನ ಮೂರನೇ ಸಿಡಿಯ ತೊದಲು ಬಂದದ್ದು ಇಲ್ಲಿಂದಲೇ.

ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ (ಸ್ಯಾಂಪಲ್ ಅಂದರೆ ಸದ್ದಿನ ಒಂದು ಅಳತೆ ಬಿಂದು) ಕಂತೆಗಳಾಗಿ ಕಟ್ಟುತ್ತದೆ. ಹಾಡಿನ ಉದ್ದ ಆ ಲೆಕ್ಕಕ್ಕೆ ಸರಿಯಾಗಿ ಕೂರದಿದ್ದರೆ ಕೊನೆಯ ಕಂತೆಗೆ ಖಾಲಿ ಸದ್ದು ತುಂಬುತ್ತದೆ. ಮುಂದುಗಡೆಯೂ ಹಾಗೇ. ಎಂಪಿ3 ಮಾಡಲು ಹೆಚ್ಚಿನವರು ಬಳಸುವ ಲೇಮ್ ಎನ್‌ಕೋಡರ್ ಮಾಮೂಲಿಯಾಗಿ 576 ಸ್ಯಾಂಪಲ್ ಖಾಲಿ ಜಾಗವನ್ನು ಮುಂದೆ ಸೇರಿಸುತ್ತದೆ, ವಾಪಸ್ ಬಿಚ್ಚುವಾಗ ಡಿಕೋಡರ್ ಇನ್ನೊಂದು 529 ಸೇರಿಸುತ್ತದೆ. ಒಟ್ಟು 1105 ಸ್ಯಾಂಪಲ್, ಅಂದರೆ ಸುಮಾರು 25 ಮಿಲಿಸೆಕೆಂಡ್. ಹೇಳಲು ಬಹಳ ಚಿಕ್ಕದು. ಆದರೆ ಎಳೆದು ಹಾಡುತ್ತಿರುವ ಸ್ವರದ ನಡುವೆ 25 ಮಿಲಿಸೆಕೆಂಡ್ ಖಾಲಿ ಬಂದರೆ ಕಿವಿಗೆ ಮುಳ್ಳು ಚುಚ್ಚಿದ ಹಾಗೆ ಗೊತ್ತಾಗುತ್ತದೆ.

ಸಮಾಧಾನದ ವಿಷಯ ಅಂದರೆ, ಲೇಮ್ ತಾನು ಮುಂದೆ ಎಷ್ಟು ಸೇರಿಸಿದೆ, ಹಿಂದೆ ಎಷ್ಟು ಸೇರಿಸಿದೆ ಅನ್ನುವ ಲೆಕ್ಕವನ್ನು ಫೈಲಿನೊಳಗೇ ಬರೆದಿಟ್ಟಿರುತ್ತದೆ. ಅದನ್ನು ಓದುವ ಪ್ಲೇಯರ್ ಇದ್ದರೆ ಹೆಚ್ಚಿನದನ್ನು ಕತ್ತರಿಸಿ ಸರಿಯಾದ ಉದ್ದ ಕೊಡುತ್ತದೆ. ಫೂಬಾರ್2000 ಇದನ್ನು ಚೆನ್ನಾಗಿ ಮಾಡುತ್ತದೆ. ಹಾಗಾಗಿ ನಿಮ್ಮ ಬಳಿ ಇರುವುದು ಎಂಪಿ3 ಮಾತ್ರ ಅಂದರೆ, ಅದನ್ನು ನೇರವಾಗಿ ಬರ್ನಿಂಗ್ ಸಾಫ್ಟ್‌ವೇರ್‌ಗೆ ಎಳೆದು ಹಾಕಬೇಡಿ. ಮೊದಲು ಫೂಬಾರ್‌ನಲ್ಲಿ ವೇವ್ ಫೈಲ್ ಮಾಡಿಕೊಳ್ಳಿ.

ಫ್ಲಾಕ್, ವೇವ್, ಆಪಲ್ ಲಾಸ್‌ಲೆಸ್ ಇದ್ದರೆ ಈ ತಲೆನೋವೇ ಇಲ್ಲ, ಒಂದು ಸ್ಯಾಂಪಲ್ ಕೂಡ ಆಚೀಚೆ ಆಗುವುದಿಲ್ಲ. ಓಗ್ ವಾರ್ಬಿಸ್ ಮತ್ತು ಓಪಸ್ ತಮ್ಮ ಸರಿಯಾದ ಉದ್ದವನ್ನು ಫಾರ್ಮ್ಯಾಟಿನಲ್ಲೇ ಇಟ್ಟುಕೊಂಡಿರುತ್ತವೆ. ಆದರೆ ಓಪಸ್ ಯಾವಾಗಲೂ 48,000 ಹರ್ಟ್ಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ, ಸಿಡಿಗೆ ಬೇಕಾದದ್ದು 44,100. ಅದಕ್ಕೆ ಮುಂದಿನ ಹಂತ.

ಹಂತ 2: ಎಲ್ಲವನ್ನೂ ಒಂದು ಮಾಡಿ

ಸಿಡಿಯ ಅಳತೆ ನಿಗದಿಯಾಗಿದೆ: ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಸ್ಟೀರಿಯೋ. ನಿಮ್ಮ ರೆಕಾರ್ಡಿಂಗ್ 48,000ದಲ್ಲೋ 96,000ದಲ್ಲೋ ಇದ್ದರೆ ಬದಲಿಸಲೇಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಹಾಡುಗಳನ್ನು ಮೊದಲು ಕತ್ತರಿಸಿ, ಆಮೇಲೆ ಒಂದೊಂದಾಗಿ ಬದಲಿಸುತ್ತಾರೆ. ಸ್ಯಾಂಪಲ್ ದರ ಬದಲಿಸುವ ಲೆಕ್ಕಕ್ಕೆ ಪ್ರತಿ ಬಿಂದುವಿನ ಅಕ್ಕಪಕ್ಕದ ಸದ್ದೂ ಬೇಕು. ಫೈಲಿನ ತುದಿಯಲ್ಲಿ ಪಕ್ಕದ ಸದ್ದು ಇರುವುದಿಲ್ಲವಲ್ಲ, ಅಲ್ಲಿ ಅದು ಸೊನ್ನೆ ಅಂತ ಊಹಿಸಿಕೊಳ್ಳುತ್ತದೆ. ಹಾಗಾಗಿ ತುದಿಗಳು ಕೆಡುತ್ತವೆ, ಜೋಡಿಸಿದಾಗ ಟಕ್.

ಸದ್ದು ತಿದ್ದುವ ಉಚಿತ ಸಾಫ್ಟ್‌ವೇರ್ ಆಡಾಸಿಟಿ ತೆರೆಯಿರಿ. ಫೈಲುಗಳನ್ನು ಕ್ರಮವಾಗಿ ಇಂಪೋರ್ಟ್ ಮಾಡಿ. ಒಂದರ ಕೆಳಗೆ ಒಂದು ಬಂದಿರುತ್ತವೆ. ಎಲ್ಲವನ್ನೂ ಆಯ್ಕೆ ಮಾಡಿ, ಟ್ರ್ಯಾಕ್ಸ್ ಮೆನುವಿನಲ್ಲಿ ‘ಅಲೈನ್ ಎಂಡ್ ಟು ಎಂಡ್’ ಒತ್ತಿದರೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಬಂದು ಕೂರುತ್ತದೆ. ಆಮೇಲೆ ಮಿಕ್ಸ್ ಮಾಡಿ ಒಂದೇ ಸ್ಟೀರಿಯೋ ಟ್ರ್ಯಾಕ್ ಮಾಡಿಕೊಳ್ಳಿ. ಒಂದೇ ಉದ್ದ ಫೈಲಿನಲ್ಲಿ ರೆಕಾರ್ಡ್ ಆಗಿದ್ದರೆ ನೀವೇ ಅದೃಷ್ಟವಂತರು, ಈ ಕೆಲಸ ಇಲ್ಲ.

ಈಗ ಪ್ರತಿ ಕೂಡುವ ಜಾಗಕ್ಕೂ ಹೋಗಿ, ಅಲೆಯ ಒಂದೊಂದು ಬಿಂದುವೂ ಕಾಣುವಷ್ಟು ಜೂಮ್ ಮಾಡಿ ನೋಡಿ. ಅಲೆ ಹರಿದುಕೊಂಡು ಹೋಗುತ್ತಿದ್ದರೆ ಸರಿ. ನಡುವೆ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ ಗೆರೆ ಕಂಡರೆ ಅದೇ ಕಳ್ಳ, ಆ ಚಪ್ಪಟೆ ತುಂಡನ್ನು ಆಯ್ಕೆ ಮಾಡಿ ಅಳಿಸಿ. ಗೆರೆ ಚಪ್ಪಟೆಯಾಗಿಲ್ಲ, ಆದರೆ ಮೆಟ್ಟಿಲಿನ ಹಾಗೆ ಥಟ್ಟನೆ ಮೇಲೆ ಜಿಗಿದಿದೆ ಅಂದರೆ ಅಲ್ಲಿ ಸದ್ದು ಸ್ವಲ್ಪ ಕಳೆದುಹೋಗಿದೆ. ಕಳೆದದ್ದು ವಾಪಸ್ ಬರುವುದಿಲ್ಲ. ಐದಾರು ಮಿಲಿಸೆಕೆಂಡಿನ ಸಣ್ಣ ಕ್ರಾಸ್‌ಫೇಡ್ (ಒಂದರ ಸದ್ದು ಇಳಿಯುತ್ತಾ ಇನ್ನೊಂದರದು ಏರುವುದು) ಕೊಟ್ಟರೆ ಟಕ್ ಅನ್ನುವುದಾದರೂ ಹೋಗುತ್ತದೆ.

ಅಂದಹಾಗೆ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎಲ್ಲ ಹಾಡಿಗೂ ಎರಡು ಮೂರು ಸೆಕೆಂಡ್ ಕ್ರಾಸ್‌ಫೇಡ್ ಕೊಡುವ ಆಯ್ಕೆ ಇರುತ್ತದೆ. ಅದನ್ನೇ ‘ಗ್ಯಾಪ್‌ಲೆಸ್’ ಅಂದುಕೊಳ್ಳಬೇಡಿ. ಅದು ಒಂದು ಹಾಡಿನ ಮೇಲೆ ಇನ್ನೊಂದನ್ನು ಹೇರುತ್ತದೆ. ಪಾರ್ಟಿಗೆ ಆಗಬಹುದು, ರೆಕಾರ್ಡಿಂಗಿಗೆ ನ್ಯಾಯ ಅಲ್ಲ.

ವಾಲ್ಯೂಮ್ ಸರಿ ಮಾಡುವುದಿದ್ದರೂ ಈಗಲೇ, ಇಡೀ ಟ್ರ್ಯಾಕಿಗೆ ಒಟ್ಟಿಗೆ. ಒಂದೊಂದು ಹಾಡಿಗೆ ಪ್ರತ್ಯೇಕವಾಗಿ ನಾರ್ಮಲೈಸ್ ಮಾಡಿದರೆ ಚಪ್ಪಾಳೆ ಗಡಿ ದಾಟುವಾಗ ಒಮ್ಮೆಲೇ ಏರುತ್ತದೆ ಅಥವಾ ಇಳಿಯುತ್ತದೆ. ಬರ್ನಿಂಗ್ ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮ್ ಲೆವೆಲಿಂಗ್ ಟಿಕ್ ಇದ್ದರೆ ಅದನ್ನೂ ತೆಗೆಯಿರಿ.

ಹಂತ 3: ಕತ್ತರಿ ಎಲ್ಲಿ ಹಾಕಬೇಕು? (588ರ ಲೆಕ್ಕ)

ಇದು ನನ್ನ ಎರಡನೇ ಸಿಡಿಯ ಟಕ್ ಸದ್ದಿನ ಕಥೆ. ಇದನ್ನು ಹೇಳಿಕೊಡುವವರು ಕಡಿಮೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಿಡಿ ಸದ್ದನ್ನು ಸೆಕ್ಟರ್‌ಗಳಾಗಿ ಬರೆಯುತ್ತದೆ. ಸೆಕೆಂಡಿಗೆ 75 ಸೆಕ್ಟರ್. 44,100ನ್ನು 75ರಿಂದ ಭಾಗಿಸಿದರೆ 588. ಅಂದರೆ ಒಂದು ಸೆಕ್ಟರ್‌ನಲ್ಲಿ 588 ಸ್ಟೀರಿಯೋ ಸ್ಯಾಂಪಲ್. ಟ್ರ್ಯಾಕ್ ಶುರುವಾಗಬೇಕಾದರೆ ಸೆಕ್ಟರ್‌ನ ಆರಂಭದಲ್ಲೇ ಶುರುವಾಗಬೇಕು, ನಡುವಿನಿಂದ ಆಗುವುದಿಲ್ಲ.

ಒಂದು ಹಾಡಿನ ಫೈಲಿನಲ್ಲಿ 1,11,30,000 ಸ್ಯಾಂಪಲ್ ಇದೆ ಅಂತಿಟ್ಟುಕೊಳ್ಳಿ, ಅಂದರೆ 4 ನಿಮಿಷ 12 ಸೆಕೆಂಡಿಗಿಂತ ತುಸು ಜಾಸ್ತಿ. 588ರಿಂದ ಭಾಗಿಸಿ. 18,928 ಸೆಕ್ಟರ್ ಪೂರ್ತಿ ತುಂಬಿ 336 ಸ್ಯಾಂಪಲ್ ಉಳಿಯುತ್ತದೆ. ಉಳಿದ 336ಕ್ಕೂ ಒಂದು ಇಡೀ ಸೆಕ್ಟರ್ ಕೊಡಲೇಬೇಕು. ಅದರಲ್ಲಿ ಬಾಕಿ ಉಳಿದ 252 ಜಾಗಕ್ಕೆ ಸಾಫ್ಟ್‌ವೇರ್ ಸೊನ್ನೆ ತುಂಬುತ್ತದೆ. 252 ಸ್ಯಾಂಪಲ್ ಅಂದರೆ 5.7 ಮಿಲಿಸೆಕೆಂಡ್. ಸದ್ದು ನಡೆಯುತ್ತಾ ಇದ್ದದ್ದು ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಏನು ಕೇಳಿಸುತ್ತದೆ? ಟಕ್. ಎಷ್ಟೇ ದುಬಾರಿ ಡಿಸ್ಕ್ ತನ್ನಿ, ಫೈಲ್ 588ರ ಮಗ್ಗಿಯಲ್ಲಿ ಇಲ್ಲದಿದ್ದರೆ ಈ ಟಕ್ ಬರುವ ಸಾಧ್ಯತೆಯೇ ಹೆಚ್ಚು.

ಪರಿಹಾರ ಸುಲಭ. ಆಡಾಸಿಟಿಯಲ್ಲಿ ಪ್ರಾಜೆಕ್ಟ್ ದರವನ್ನು 44,100ಕ್ಕೆ ಇಡಿ. ಸ್ನ್ಯಾಪ್ ಆಯ್ಕೆಯನ್ನು ಆನ್ ಮಾಡಿ, ಅದರಲ್ಲಿ ‘ಸಿಡಿಡಿಎ ಫ್ರೇಮ್ಸ್’ ಆರಿಸಿ. (ಇಲ್ಲಿ ಫ್ರೇಮ್ ಅಂದರೆ ಸೆಕೆಂಡಿನ 75ನೇ ಒಂದು ಭಾಗ, ನಾವು ಮೇಲೆ ಹೇಳಿದ ಸೆಕ್ಟರೇ.) ಕೆಳಗಿನ ಸಮಯದ ಪೆಟ್ಟಿಗೆಯನ್ನೂ ಸಿಡಿಡಿಎ ಫ್ರೇಮ್ ತೋರಿಸುವಂತೆ ಬದಲಿಸಿಕೊಳ್ಳಿ. ಇನ್ನು ನೀವು ಎಲ್ಲಿ ಕ್ಲಿಕ್ ಮಾಡಿದರೂ ಕರ್ಸರ್ ಸೆಕ್ಟರ್ ಗಡಿಗೇ ಹೋಗಿ ಕೂರುತ್ತದೆ. ಹಾಡು ಶುರುವಾಗುವ ಜಾಗದಲ್ಲಿ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಬಿ ಒತ್ತಿ, ಲೇಬಲ್‌ಗೆ ಹಾಡಿನ ಹೆಸರು ಕೊಡಿ. ಮೊದಲ ಲೇಬಲ್ ಸರಿಯಾಗಿ ಸೊನ್ನೆಯಲ್ಲಿ ಇರಲಿ.

ಗುರುತು ಹಾಕುವ ಜಾಗದ ಬಗ್ಗೆ ಒಂದು ಮಾತು. ಮೊದಲ ಸ್ವರದ ಮೇಲೇ ಹಾಕಬೇಡಿ, ಅದಕ್ಕಿಂತ ಕಾಲು ಸೆಕೆಂಡಿನಷ್ಟು ಮೊದಲೇ ಹಾಕಿ. ಸಾಲಾಗಿ ಕೇಳುವಾಗ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ನೇರವಾಗಿ ಐದನೇ ಟ್ರ್ಯಾಕಿಗೆ ಹಾರಿದಾಗ ಕೆಲವು ಪ್ಲೇಯರ್‌ಗಳು ಮೊದಲ ಕ್ಷಣವನ್ನು ನುಂಗಿಬಿಡುತ್ತವೆ. ಗಾಯಕರು ಉಸಿರು ಎಳೆದುಕೊಳ್ಳುವ ಸದ್ದು ಇದ್ದರೆ ಅದಕ್ಕೂ ಮೊದಲು ಹಾಕಿ, ಚೆನ್ನಾಗಿರುತ್ತದೆ.

ಗರಿಷ್ಠ 99 ಟ್ರ್ಯಾಕ್, ಒಂದೊಂದೂ ಕನಿಷ್ಠ 4 ಸೆಕೆಂಡ್, ಒಟ್ಟು ಉದ್ದ ಸಾಮಾನ್ಯ ಡಿಸ್ಕಿಗೆ 80 ನಿಮಿಷದೊಳಗೆ. ಹಳೆಯ 74 ನಿಮಿಷದ ಡಿಸ್ಕ್ ಕೈಗೆ ಸಿಕ್ಕರೆ ನೋಡಿಕೊಳ್ಳಿ.

ಹಂತ 4: ಎರಡು ದಾರಿ

ಮೊದಲನೆಯದು ಸುಲಭದ ದಾರಿ. ಆಡಾಸಿಟಿಯ ಎಕ್ಸ್‌ಪೋರ್ಟ್‌ನಲ್ಲಿ ‘ಮಲ್ಟಿಪಲ್ ಫೈಲ್ಸ್’ ಆರಿಸಿ, ಲೇಬಲ್ ಪ್ರಕಾರ ಒಡೆಯಲು ಹೇಳಿ, 16 ಬಿಟ್ ವೇವ್ ಆಗಿ ಉಳಿಸಿ. ಪ್ರತಿ ಫೈಲೂ 588ರ ಮಗ್ಗಿಯಲ್ಲೇ ಬರುತ್ತದೆ, ಕೊನೆಯದೊಂದನ್ನು ಬಿಟ್ಟು. ಕೊನೆಯದರ ಬಾಲಕ್ಕೆ ಸೊನ್ನೆ ಸೇರಿದರೆ ಯಾರಿಗೂ ತೊಂದರೆ ಇಲ್ಲ. ಫೈಲ್ ಹೆಸರಿನ ಮುಂದೆ 01, 02 ಅಂತ ಸಂಖ್ಯೆ ಇರಲಿ, ಇಲ್ಲದಿದ್ದರೆ ಅಕ್ಷರ ಕ್ರಮದಲ್ಲಿ ಜೋಡಣೆಯಾಗಿ ಕಾರ್ಯಕ್ರಮದ ಕೊನೆಯ ಹಾಡು ಮೊದಲು ಬರುತ್ತದೆ. ನನಗೆ ಆಗಿದೆ.

ಎರಡನೆಯದು ಕ್ಯೂ ಶೀಟ್ ದಾರಿ. ನನಗೆ ಇಷ್ಟವಾದದ್ದು ಇದೇ. ಸದ್ದನ್ನು ಕತ್ತರಿಸುವುದೇ ಇಲ್ಲ. ಇಡೀ ಕಾರ್ಯಕ್ರಮ ಒಂದೇ ವೇವ್ ಫೈಲ್, ಜೊತೆಗೆ ಯಾವ ಟ್ರ್ಯಾಕ್ ಎಲ್ಲಿಂದ ಅಂತ ಬರೆದ ಒಂದು ಪುಟ್ಟ ಪಠ್ಯ ಫೈಲ್. ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದು. ಮೊದಲ ಸಾಲಿನಲ್ಲಿ ವೇವ್ ಫೈಲಿನ ಹೆಸರು, ಆಮೇಲೆ ಪ್ರತಿ ಟ್ರ್ಯಾಕಿಗೆ ಒಂದು ಸಂಖ್ಯೆ, ಅದರ ಕೆಳಗೆ ‘ಇಂಡೆಕ್ಸ್ 01’ ಅಂತ ಹಾಕಿ ಸಮಯ. ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಯಾವುದಾದರೂ ಸಿದ್ಧ ಕ್ಯೂ ಫೈಲ್ ತೆರೆದು ಅದರ ಮೇಲೇ ತಿದ್ದಿಕೊಳ್ಳುವುದು ಉತ್ತಮ.

ಸಮಯ ಬರೆಯುವಾಗ ಎರಡು ಹಳ್ಳ ಇವೆ. ನಾನು ಎರಡಕ್ಕೂ ಬಿದ್ದಿದ್ದೇನೆ. ಮೊದಲನೆಯದು, ಕೊನೆಯ ಎರಡು ಅಂಕಿ ಸೆಕೆಂಡಿನ ನೂರನೇ ಭಾಗ ಅಲ್ಲ, ಫ್ರೇಮ್. ಅದು 00ರಿಂದ 74ರವರೆಗೆ ಮಾತ್ರ ಹೋಗುತ್ತದೆ. 6 ನಿಮಿಷ 10.56 ಸೆಕೆಂಡನ್ನು 06:10:56 ಅಂತ ಬರೆದರೆ ತಪ್ಪು. 0.56ನ್ನು 75ರಿಂದ ಗುಣಿಸಿ, 42 ಬರುತ್ತದೆ, ಹಾಗಾಗಿ 06:10:42. ಆಡಾಸಿಟಿಯಲ್ಲಿ ಸಿಡಿಡಿಎ ಫ್ರೇಮ್ ತೋರಿಸಲು ಹೇಳಿದ್ದು ಇದಕ್ಕೇ, ಅಲ್ಲಿಂದ ಹಾಗೇ ನಕಲು ಮಾಡಬಹುದು. ಎರಡನೆಯದು, ಕ್ಯೂ ಶೀಟ್‌ಗೆ ಗಂಟೆ ಅನ್ನುವುದೇ ಗೊತ್ತಿಲ್ಲ. 1 ಗಂಟೆ 4 ನಿಮಿಷ ಅಂದರೆ 64 ನಿಮಿಷ ಅಂತಲೇ ಬರೆಯಬೇಕು.

ಕ್ಯೂ ಶೀಟ್‌ನ ನಿಜವಾದ ಸೊಗಸು ‘ಇಂಡೆಕ್ಸ್ 00’ನಲ್ಲಿದೆ. ಲೈವ್ ರೆಕಾರ್ಡಿಂಗಿನಲ್ಲಿ ಹಾಡು ಮುಗಿದ ಮೇಲೆ ಇಪ್ಪತ್ತು ಸೆಕೆಂಡ್ ಚಪ್ಪಾಳೆ, ಶ್ರುತಿ ಸರಿ ಮಾಡಿಕೊಳ್ಳುವುದು, ಯಾರೋ ಕೆಮ್ಮುವುದು, ಇದೆಲ್ಲ ಇರುತ್ತದೆ. ಇಡೀ ಸಿಡಿ ಕೇಳುವಾಗ ಅದು ಬೇಕು. ಆದರೆ ಎರಡನೇ ಹಾಡು ಮಾತ್ರ ಕೇಳೋಣ ಅಂತ ಬಟನ್ ಒತ್ತಿದಾಗ ಬೇಡ. ಆಗ ಎರಡನೇ ಟ್ರ್ಯಾಕಿನಲ್ಲಿ ಇಂಡೆಕ್ಸ್ 00ಕ್ಕೆ ಚಪ್ಪಾಳೆ ಶುರುವಾಗುವ ಸಮಯ ಕೊಡಿ, 05:48:20 ಅಂತಿರಲಿ. ಇಂಡೆಕ್ಸ್ 01ಕ್ಕೆ ಹಾಡು ಶುರುವಾಗುವ 06:10:42 ಕೊಡಿ. ಸಾಲಾಗಿ ಕೇಳಿದರೆ ಚಪ್ಪಾಳೆ ಪೂರ್ತಿ ಬರುತ್ತದೆ, ಆ ಹೊತ್ತಿನಲ್ಲಿ ಎಷ್ಟೋ ಪ್ಲೇಯರ್‌ಗಳ ಪರದೆಯಲ್ಲಿ ಸಮಯ ಮೈನಸ್‌ನಿಂದ ಸೊನ್ನೆಯ ಕಡೆಗೆ ಎಣಿಸುತ್ತಾ ಬರುತ್ತದೆ. ನೇರವಾಗಿ ಎರಡಕ್ಕೆ ಹಾರಿದರೆ ಚಪ್ಪಾಳೆ ಬಿಟ್ಟು ಹಾಡಿಗೇ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಲೈವ್ ಸಿಡಿಗಳಲ್ಲೂ ಇದೇ ಜಾಣತನ ಕಾಣಬಹುದು.

ಆದರೆ ಕ್ಯೂ ಶೀಟ್‌ನಲ್ಲಿ ‘ಪ್ರೀಗ್ಯಾಪ್’ ಅನ್ನುವ ಸಾಲು ಕಂಡರೆ ಅಳಿಸಿಬಿಡಿ. ಇಂಡೆಕ್ಸ್ 00ರ ಜಾಗವನ್ನೂ ಪ್ರೀಗ್ಯಾಪ್ ಅಂತಲೇ ಕರೆಯುತ್ತಾರೆ, ಆದರೆ ಈ ಸಾಲು ಬೇರೆ. ಇಂಡೆಕ್ಸ್ 00 ನಿಮ್ಮ ಫೈಲಿನಲ್ಲಿರುವ ಸದ್ದಿಗೇ ಗುರುತು ಹಾಕುತ್ತದೆ. ಪ್ರೀಗ್ಯಾಪ್ ಸಾಲು ಫೈಲಿನಲ್ಲಿ ಇಲ್ಲದ ಮೌನವನ್ನು ಹೊಸದಾಗಿ ಹುಟ್ಟಿಸಿ ನಡುವೆ ತುರುಕುತ್ತದೆ.

ಹಾಡಿನ ಹೆಸರು ಪ್ಲೇಯರ್ ಪರದೆಯಲ್ಲಿ ಕಾಣಲಿ ಅಂತ ಸಿಡಿ ಟೆಕ್ಸ್ಟ್ ಸೇರಿಸುವುದಾದರೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಸಿಡಿ ಟೆಕ್ಸ್ಟ್‌ಗೆ ಕನ್ನಡ ಲಿಪಿ ಬರುವುದಿಲ್ಲ.

ಬರ್ನ್ ಮಾಡುವ ಮೊದಲು ಕ್ಯೂ ಫೈಲನ್ನು ಫೂಬಾರ್‌ನಲ್ಲಿ ತೆರೆದು ಪ್ರತಿ ಹಾಡಿನ ಕೊನೆಯ ಹತ್ತು ಸೆಕೆಂಡ್ ಕೇಳಿ. ಹದಿನೈದು ನಿಮಿಷದ ಕೆಲಸ, ಡಿಸ್ಕ್ ಉಳಿಯುತ್ತದೆ.

ಹಂತ 5: ಬರ್ನ್ ಮಾಡುವಾಗ

ಬರ್ನರ್ ಬರೆಯುವ ವಿಧಾನ ಮುಖ್ಯವಾಗಿ ಎರಡು. ‘ಟ್ರ್ಯಾಕ್ ಅಟ್ ಒನ್ಸ್’ನಲ್ಲಿ ಒಂದು ಟ್ರ್ಯಾಕ್ ಬರೆದು ಲೇಸರ್ ಆರುತ್ತದೆ, ಮತ್ತೆ ಹೊತ್ತಿ ಮುಂದಿನದು ಬರೆಯುತ್ತದೆ. ಆ ಜೋಡಣೆಗೆ ಖಾಲಿ ಜಾಗ ಬೇಕು, ಮಾಮೂಲಿಯಾಗಿ ಎರಡು ಸೆಕೆಂಡ್. ನನ್ನ ಮೊದಲ ಸಿಡಿಯ ಮೌನ ಇದೇ. ‘ಡಿಸ್ಕ್ ಅಟ್ ಒನ್ಸ್’ನಲ್ಲಿ ಲೇಸರ್ ಶುರುವಿನಿಂದ ಕೊನೆಯವರೆಗೆ ಒಂದೇ ಓಟ. ನಮಗೆ ಬೇಕಾದದ್ದು ಇದು. ಕೆಲವು ಕಡೆ ‘ಸೆಷನ್ ಅಟ್ ಒನ್ಸ್’ ಅಂತ ಇರುತ್ತದೆ, ಒಂದೇ ಸೆಷನ್‌ನ ಆಡಿಯೋ ಸಿಡಿಗೆ ಅದೂ ಸರಿಯೇ.

ವಿಂಡೋಸ್‌ನಲ್ಲಿ ನಾನು ಇಮ್ಗ್‌ಬರ್ನ್ ಬಳಸುತ್ತೇನೆ. 2013ರ ನಂತರ ಹೊಸ ಆವೃತ್ತಿ ಬಂದಿಲ್ಲ, ಆದರೂ ಕ್ಯೂ ಫೈಲ್ ಕೊಟ್ಟರೆ ಅಚ್ಚುಕಟ್ಟಾಗಿ ಬರೆಯುತ್ತದೆ. ಕತ್ತರಿಸಿದ ಫೈಲುಗಳಿದ್ದರೆ ಅದರ ಟೂಲ್ಸ್ ಮೆನುವಿನಿಂದಲೇ ಕ್ಯೂ ಫೈಲ್ ಮಾಡಿಸಬಹುದು. ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲೂ ಬರ್ನ್ ಆಯ್ಕೆಗಳ ಒಳಗೆ ಗ್ಯಾಪ್ ಇಲ್ಲದೆ ಬರ್ನ್ ಮಾಡುವ ಟಿಕ್ ಇದೆ. ಮ್ಯಾಕ್‌ನ ಮ್ಯೂಸಿಕ್ ಆ್ಯಪ್‌ನಲ್ಲಿ ಪ್ಲೇಲಿಸ್ಟ್ ಬರ್ನ್ ಮಾಡುವಾಗ ಹಾಡುಗಳ ನಡುವಿನ ಗ್ಯಾಪ್ ಎಷ್ಟು ಅಂತ ಕೇಳುತ್ತದೆ, ‘ನನ್’ ಆರಿಸಿ. ಲಿನಕ್ಸ್‌ನಲ್ಲಿ ಕೆ3ಬಿ ಇದ್ದರೆ ಬರೆಯುವ ವಿಧಾನ ಡಿಎಓ (ಡಿಸ್ಕ್ ಅಟ್ ಒನ್ಸ್) ಅಂತ ಆರಿಸಿ, ಪ್ರತಿ ಟ್ರ್ಯಾಕಿನ ಪೋಸ್ಟ್‌ಗ್ಯಾಪ್ (ಹಾಡಿನ ಹಿಂದೆ ಬರುವ ಗ್ಯಾಪ್) ಸೊನ್ನೆ ಇದೆಯಾ ನೋಡಿ. ಕಮಾಂಡ್ ಲೈನ್ ಅಭ್ಯಾಸ ಇದ್ದವರಿಗೆ ಸಿಡಿಆರ್‌ಡಿಎಓ ಇದೆ, ಅದರ ಹೆಸರಿನಲ್ಲೇ ಡಿಎಓ ಇದೆ.

ಯಾವುದೇ ಸಾಫ್ಟ್‌ವೇರ್ ಆಗಲಿ, ‘ಆಡಿಯೋ ಸಿಡಿ’ ಅಂತಲೇ ಆರಿಸಿ. ಡೇಟಾ ಸಿಡಿಯಾಗಿ ಎಂಪಿ3 ಹಾಕಿದರೆ ಮೇಲೆ ಹೇಳಿದ ಯಾವ ಉಪಾಯವೂ ನಡೆಯುವುದಿಲ್ಲ, ಗ್ಯಾಪ್ ಕೊಡುವುದು ಬಿಡುವುದು ಆ ಪ್ಲೇಯರ್‌ಗೆ ಬಿಟ್ಟದ್ದು.

ವೇಗದ ಬಗ್ಗೆ ಜಗಳಗಳೇ ಇವೆ. ತೀರಾ ನಿಧಾನ ಮಾಡಿದಷ್ಟೂ ಒಳ್ಳೆಯದು ಅಂತ ಒಂದು ನಂಬಿಕೆ. ಈಗಿನ ಡಿಸ್ಕ್ ಮತ್ತು ಡ್ರೈವ್‌ಗಳು ಅಷ್ಟು ನಿಧಾನಕ್ಕೆ ಮಾಡಿದವಲ್ಲ. ನಾನು 16 ಪಟ್ಟು ಅಥವಾ 24 ಪಟ್ಟಿನಲ್ಲಿ ಬರೆಯುತ್ತೇನೆ. ಗ್ಯಾಪ್‌ಗೂ ವೇಗಕ್ಕೂ ಏನೂ ಸಂಬಂಧ ಇಲ್ಲ.

ಮೊದಲ ಪ್ರಯತ್ನಕ್ಕೆ ಸಿಡಿ-ಆರ್‌ಡಬ್ಲ್ಯೂ ಬಳಸಿ, ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಹಳೆಯ ಪ್ಲೇಯರ್‌ಗಳು ಓದದೇ ಇರಬಹುದು. ಅದಕ್ಕೆ ಹೆದರಬೇಡಿ, ಅಂತಿಮ ಪ್ರತಿಯನ್ನು ಮಾಮೂಲಿ ಸಿಡಿ-ಆರ್‌ಗೆ ಹಾಕಿ.

ಆದರೂ ಗ್ಯಾಪ್ ಕೇಳಿಸಿದರೆ

ಸದ್ದೇ ರೋಗ ಹೇಳುತ್ತದೆ. ಸರಿಯಾಗಿ ಎರಡು ಸೆಕೆಂಡ್ ಮೌನ ಇದ್ದರೆ ಬರ್ನ್ ವಿಧಾನ ಅಥವಾ ಪ್ರೀಗ್ಯಾಪ್ ಸಾಲು. ಚಿಕ್ಕ ಟಕ್ ಆದರೆ 588ರ ಲೆಕ್ಕ ತಪ್ಪಿದೆ, ಇಲ್ಲವೇ ಕತ್ತರಿಸಿದ ಮೇಲೆ ಸ್ಯಾಂಪಲ್ ದರ ಬದಲಿಸಿದ್ದೀರಿ. ತೊದಲಿದ ಹಾಗಿದ್ದರೆ ಎಂಪಿ3 ಖಾಲಿ ಜಾಗ. ಗಡಿಯಲ್ಲಿ ಸದ್ದಿನ ಮಟ್ಟ ಏರಿಳಿದರೆ ನಾರ್ಮಲೈಸ್.

ಇದ್ಯಾವುದೂ ಅಲ್ಲ ಅನ್ನಿಸಿದರೆ ಬೇರೆ ಪ್ಲೇಯರ್‌ನಲ್ಲಿ ಹಾಕಿ ನೋಡಿ. ನನ್ನ ಬಳಿ ಇದ್ದ ಒಂದು ಕಾರ್ ಪ್ಲೇಯರ್ ಟ್ರ್ಯಾಕ್ ಸಂಖ್ಯೆ ಬದಲಾದಾಗಲೆಲ್ಲ ಅರೆಕ್ಷಣ ತಾನೇ ಸದ್ದು ಅಡಗಿಸುತ್ತಿತ್ತು, ಅಂಗಡಿಯಿಂದ ತಂದ ಸಿಡಿಗೂ ಹಾಗೇ ಮಾಡುತ್ತಿತ್ತು. ಅನುಮಾನ ತೀರದಿದ್ದರೆ ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಇಡೀ ಡಿಸ್ಕನ್ನು ಒಂದೇ ವೇವ್ ಆಗಿ ವಾಪಸ್ ತೆಗೆದು, ಅದರ ‘ಕಂಪೇರ್ ವೇವ್ಸ್’ನಲ್ಲಿ ಮೂಲ ಫೈಲಿನ ಜೊತೆ ಹೋಲಿಸಿ. ಶುರುವಿನಲ್ಲಿ ಕೆಲವು ಸ್ಯಾಂಪಲ್ ಆಚೀಚೆ ತೋರಿಸಬಹುದು, ಅದು ಡ್ರೈವ್‌ನ ಗುಣ, ಚಿಂತೆ ಬೇಡ. ನಡುವೆ ಎಲ್ಲೂ ವ್ಯತ್ಯಾಸ ತೋರಿಸದಿದ್ದರೆ ನಿಮ್ಮ ಸಿಡಿ ಸರಿಯಾಗಿದೆ, ಬದಲಿಸಬೇಕಾದ್ದು ಪ್ಲೇಯರ್.